ಲಂಬಾಸಾದಿಂದ ಕಂಠೀರವಕ್ಕೆ: ದ್ವೀಪದ ಹುಡುಗ ವೃತ್ತಿಪರ ಆಟಗಾರ ಆಗೋದು ಹೇಗೆ? (ರಾಯ್ ಕೃಷ್ಣ ಹಾದಿ)

ಈಸ್ಟ್ ಅಪ್ಪರ್
ಫಿಜಿಯ ಲಂಬಾಸಾ ಊರಿನ ಸ್ಟ್ರೈಕರ್ ರಾಯ್ ಕೃಷ್ಣ ನಮ್ಮ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಅಂಗಿ ಹಾಕಿದ್ದು ಒಂದೇ ಸೀಸನ್, 2022-23. ಡುರಾಂಡ್ ಕಪ್ ಬಂತು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ 78ನೇ ನಿಮಿಷಕ್ಕೆ ಅವನೇ ಹೊಡೆದು 2-1 ಮಾಡಿದ, ಕೊನೆಗೆ ಪೆನಾಲ್ಟಿಯಲ್ಲಿ ಕೈ ತಪ್ಪಿತು. ಅದು ಎಲ್ಲರಿಗೂ ಗೊತ್ತಿರೋದೇ. ನನ್ನ ಪ್ರಶ್ನೆ ಬೇರೆ. ಅವನು ಹುಟ್ಟಿದ್ದು 30 ಆಗಸ್ಟ್ 1987. ಆಸ್ಟ್ರೇಲಿಯಾದ ವೃತ್ತಿಪರ ಎ-ಲೀಗಲ್ಲಿ ಆಡೋ ನ್ಯೂಜಿಲೆಂಡಿನ ಕ್ಲಬ್ಬು ವೆಲಿಂಗ್ಟನ್ ಫೀನಿಕ್ಸ್ ಸೇರಿದ್ದು ಜನವರಿ 2014, ಅಂದರೆ 26 ತುಂಬಿದ ಮೇಲೆ. ಯುರೋಪಿನಲ್ಲಿ ಆ ವಯಸ್ಸಿಗೆ ಆಟಗಾರ ಎರಡು-ಮೂರು ಕ್ಲಬ್ ಬದಲಿಸಿರ್ತಾನೆ. ಇಷ್ಟು ತಡ ಯಾಕೆ? ಇವತ್ತು ಫಿಜಿಯಲ್ಲೋ ವನುವಾಟುವಿನಲ್ಲೋ 17ರ ಹುಡುಗ ಇದ್ದಾನೆ, ಪ್ರತಿಭೆ ಇದೆ ಅಂತಿಟ್ಟುಕೊಳ್ಳಿ. ಅವನಿಗೂ ಒಂಬತ್ತು ವರ್ಷ ಬೇಕಾ?

ಆಫ್‌ಸೈಡ್ ಆಚಾರ್
ಮೊದಲು ಹಾದಿ ನೋಡಿ. ಲಬಾಸಾ ಎಫ್‌ಸಿ, ಅಲ್ಲಿಂದ 2008ರಲ್ಲಿ ನ್ಯೂಜಿಲೆಂಡಿನ ವೈಟಾಕೆರೆ ಯುನೈಟೆಡ್, 2013ರಲ್ಲಿ ಆಕ್ಲೆಂಡ್ ಸಿಟಿ, 2014ಕ್ಕೆ ವೆಲಿಂಗ್ಟನ್, 2019ಕ್ಕೆ ಕೋಲ್ಕತ್ತಾದ ಎಟಿಕೆ. ನಡುವಿನ ಐದೂವರೆ ವರ್ಷ ಹೋಗಿದ್ದು ನ್ಯೂಜಿಲೆಂಡಿನ ಅರೆವೃತ್ತಿಪರ ಲೀಗಿನಲ್ಲಿ. ಗೋಲು ಬೇಕಾದಷ್ಟು ಹೊಡೆದ, ಆದರೆ ಆ ಲೀಗನ್ನು ಹೊರಗಿನ ಸ್ಕೌಟ್‌ಗಳು (ಕ್ಲಬ್ಬಿಗೆ ಆಟಗಾರರನ್ನ ಹುಡುಕೋರು) ನೋಡೋದಿಲ್ಲ. ನೋಡೋದು ಒಂದೇ ಪಂದ್ಯಾವಳಿಯಲ್ಲಿ: ಓಷಿಯಾನಿಯಾ ಚಾಂಪಿಯನ್ ಆದ ಕ್ಲಬ್ಬು ಫಿಫಾ ಕ್ಲಬ್ ವಿಶ್ವಕಪ್ಪಿಗೆ ಹೋಗುತ್ತಿತ್ತಲ್ಲ, ಅಲ್ಲಿ.

ಡಿಸೆಂಬರ್ 2013, ಮೊರಾಕ್ಕೊ. ಆಕ್ಲೆಂಡ್ ಸಿಟಿ ಆತಿಥೇಯ ರಾಜಾ ಕಾಸಾಬ್ಲಾಂಕಾ ವಿರುದ್ಧ 1-2 ಸೋತಿತು. ಆ ಒಂದು ಗೋಲು ಕೃಷ್ಣನದು. ಮುಂದಿನ ತಿಂಗಳೇ ವೆಲಿಂಗ್ಟನ್ ಒಪ್ಪಂದ. ಅವನ ಕಾಲು ಡಿಸೆಂಬರಿನಲ್ಲಿ ದಿಢೀರಂತ ಸುಧಾರಿಸಿತು ಅಂತಲ್ಲ. ಜನ ನೋಡೋ ಜಾಗದಲ್ಲಿ 90 ನಿಮಿಷ ಸಿಕ್ಕಿತು, ಅಷ್ಟೇ.

ಗಿರ್ಮಿಟ್ ಮಿರ್ಚಿ
ಊರಿನ ಹೆಸರು ಮೊದಲು ಸರಿ ಮಾಡ್ಕೊಳ್ರಿ. ಫಿಜಿ ಭಾಷಾದಾಗ 'ಬ' ಬರದ್ರ 'ಂಬ' ಅಂತ ಓದಬೇಕು, 'ದ' ಬರದ್ರ 'ಂದ'. ಹಂಗಾಗಿ ಲಬಾಸಾ ಅಂದ್ರ ಲಂಬಾಸಾ. ಅವರ ವಿಮಾನ ನಿಲ್ದಾಣದ ಊರು 'ನಾದಿ' ಅಲ್ಲ, ನಂದಿ! ಚಿಕ್ಕಬಳ್ಳಾಪುರದವರು ಖುಷಿ ಪಡಬಹುದು.

ಇನ್ನ ನನ್ನ ಹೆಸರಿಂದೂ ಅಲ್ಲಿ ಬ್ಯಾರೆ ಅರ್ಥ ಐತಿ. ನಮ್ಮ ಕಡೆ ಗಿರ್ಮಿಟ್ ಅಂದ್ರ ಚುರುಮುರಿ, ಉಳ್ಳಾಗಡ್ಡಿ, ಹುಣಸಿಹುಳಿ, ಮ್ಯಾಲೆ ಪುಠಾಣಿ ಹಿಟ್ಟು. ಫಿಜಿಯೊಳಗ ಗಿರ್ಮಿಟ್ ಅಂದ್ರ ಕಬ್ಬಿನ ಗದ್ದಿ ಕೂಲಿ ಕರಾರು. 'ಅಗ್ರಿಮೆಂಟ್' ಅನ್ನೂ ಮಾತು ಕೂಲಿಕಾರರ ಬಾಯಾಗ ಬಿದ್ದು ಹಂಗಾತು. 1879ರಾಗ ಲಿಯೋನಿಡಾಸ್ ಅನ್ನೂ ಹಡಗು ಕಲಕತ್ತಾದಿಂದ ಮೊದಲ ತಂಡ ಒಯ್ತು, 1903ರಿಂದ ಮದರಾಸಿನಿಂದಾನೂ ಮಂದಿ ಹೋದ್ರು, 1916ಕ್ಕ ನಿಂತಿತು. ಒಟ್ಟು 60 ಸಾವಿರದ ಮ್ಯಾಲೆ. ಲಂಬಾಸಾ ಸಕ್ಕರಿ ಕಾರ್ಖಾನಿ ಊರು. ಕೃಷ್ಣನ ಹಿರೀಕರೂ ಹಂಗ ಹೋದವರು. ಎಟಿಕೆಗೆ ಬಂದಾಗ ಕಲಕತ್ತಾ ಪತ್ರಿಕಿಯವರು ಇದನ್ನ ಹಿಡಕೊಂಡು ಭಾಳ ಬರದ್ರು.

ಫಿಜಿಯೊಳಗ ರಗ್ಬಿದ್ದ ರಾಜ್ಯ. ಫುಟ್‌ಬಾಲ್ ಸಂಘಟನಾ ಮೊದಲಿನಿಂದ ಭಾರತೀಯ ಮೂಲದವರ ಕೈಯಾಗ ಬೆಳದದ್ದು, ತಂಡಗಳೊಳಗ ಅವರೂ ಆಡ್ತಾರ, ಮೂಲ ಫಿಜಿಯನ್ನರೂ ಆಡ್ತಾರ.

ಎಡಗಾಲು
ತಡ ಆಗೋಕೆ ಇನ್ನೊಂದು ಕಾರಣ ಪಂದ್ಯಗಳ ಸ್ವರೂಪ. ಅಲ್ಲಿ ಆಟ ನಡೆಯೋದು ಜಿಲ್ಲೆವಾರು: ಬಾ, ಸುವಾ, ಲೌಟೋಕಾ, ರೇವಾ, ನಾದಿ, ಲಬಾಸಾ. ಲೀಗ್ ಇದೆ, ಆದರೆ ಜನ ಹುಚ್ಚೆದ್ದು ಬರೋದು ಟೂರ್ನಿಗಳಿಗೆ. ಅಂತರ-ಜಿಲ್ಲಾ ಚಾಂಪಿಯನ್‌ಶಿಪ್ 1938ರಿಂದ ನಡೀತಿದೆ. ಇಂಥ ಟೂರ್ನಿಯಲ್ಲಿ ಕೆಲವೇ ದಿನದಲ್ಲಿ ಮೇಲಿಂದ ಮೇಲೆ ಪಂದ್ಯ, ಬಿಸಿಲು, ಮಳೆ ಬಿದ್ದರೆ ಕೆಸರು. ಅದಕ್ಕೆ ಹೊಂದಿಕೊಂಡ ಆಟಗಾರ ಶಕ್ತಿ ಉಳಿಸಿ ಆಡೋದನ್ನ ಕಲೀತಾನೆ: ಸಣ್ಣ ಸ್ಫೋಟ, ಆಮೇಲೆ ನಡಿಗೆ. ವಾರಕ್ಕೊಂದು ಪಂದ್ಯ, ನಡುವೆ ನಾಲ್ಕು-ಐದು ದಿನ ಅಳತೆ ಹಾಕಿದ ತರಬೇತಿ, ಹೀಗೆ ಏಳೆಂಟು ತಿಂಗಳು ಎಳೆಯೋ ವೃತ್ತಿಪರ ಸೀಸನ್ ಬೇರೆಯದೇ ದೇಹ ಕೇಳುತ್ತೆ. ಹೊರಗೆ ಹೋದ ದ್ವೀಪದ ಹುಡುಗರು ತೊಡೆಯ ಹಿಂಭಾಗ ಹಿಡಿಸಿಕೊಂಡು ಕೂತರೆ ಅದು ಇದಕ್ಕೇ ಇರಬಹುದು.

ಪರಿಹಾರಕ್ಕೆ ಜಿಮ್ ಬೇಕಿಲ್ಲ. ಫಿಫಾ 11+ ಅನ್ನೋ ವಾರ್ಮ್-ಅಪ್ ಉಚಿತ. 15 ವ್ಯಾಯಾಮ, 20 ನಿಮಿಷ: 8 ನಿಮಿಷ ನಿಧಾನ ಓಟ, 10 ನಿಮಿಷ ಬಲ-ಸಮತೋಲನ-ಜಿಗಿತ, ಕೊನೆಗೆ 2 ನಿಮಿಷ ವೇಗದ ಓಟ ಮತ್ತು ದಿಕ್ಕು ಬದಲಾವಣೆ. ವಾರಕ್ಕೆ ಕನಿಷ್ಠ ಎರಡು ಸಲ. ಅದರೊಳಗೆ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ಇದೆ: ಮಂಡಿಯೂರಿ ನಿಲ್ಲು, ಜೊತೆಗಾರ ಹಿಮ್ಮಡಿ ಹಿಡಿಯಲಿ, ಸೊಂಟ ಮಡಿಸದೆ ಮುಂದಕ್ಕೆ ನಿಧಾನವಾಗಿ ಬೀಳು. ಶುರುವಿಗೆ 3ರಿಂದ 5 ಸಲ, ರೂಢಿಯಾದ ಮೇಲೆ 7-10, ಆಮೇಲೆ 12-15. ಹುಡುಗರು ಮಾಡೋ ತಪ್ಪು ಒಂದೇ, ಸೊಂಟ ಮಡಿಸಿ ಬೇಗ ಬಿದ್ದುಬಿಡೋದು. ಹಾಗೆ ಮಾಡಿದರೆ ಹದಿನೈದು ಸಲ ಮಾಡಿದರೂ ತೊಡೆಗೆ ಕೆಲಸ ಇಲ್ಲ.

ಕಾಗದಪತ್ರ
17ರ ಹುಡುಗನ ವಿಷಯಕ್ಕೆ ಬರೋಣ. ಪ್ರತಿಭೆಗಿಂತ ಮೊದಲು ಎದುರಾಗೋದು ಫಿಫಾ ವರ್ಗಾವಣೆ ನಿಯಮದ 19ನೇ ವಿಧಿ. 18 ತುಂಬದ ಆಟಗಾರನನ್ನ ಇನ್ನೊಂದು ದೇಶದ ಕ್ಲಬ್ಬಿಗೆ ನೋಂದಾಯಿಸುವಂತಿಲ್ಲ. ವಿನಾಯಿತಿಗಳಿವೆ. ತಂದೆ-ತಾಯಿ ಫುಟ್‌ಬಾಲಿಗೆ ಸಂಬಂಧ ಇಲ್ಲದ ಕಾರಣಕ್ಕೆ ಆ ದೇಶಕ್ಕೆ ವಲಸೆ ಹೋಗಿದ್ದರೆ ಆಗುತ್ತೆ. ಯುರೋಪಿಯನ್ ಒಕ್ಕೂಟದ ಒಳಗೆ 16ರಿಂದ 18ರವರೆಗೆ ಷರತ್ತಿನ ಮೇಲೆ ಆಗುತ್ತೆ. ಗಡಿಯಿಂದ 50 ಕಿಲೋಮೀಟರ್ ಒಳಗಿದ್ದು ಮನೆಯಿಂದಲೇ ಓಡಾಡಿದರೆ ಆಗುತ್ತೆ. ಸುತ್ತ ಸಮುದ್ರ ಇರೋ ಫಿಜಿಗೆ ಈ ಕೊನೆಯದು ಯಾವ ಪ್ರಯೋಜನಕ್ಕೆ, ನೀವೇ ಹೇಳಿ.

18 ತುಂಬಿತು ಅಂದುಕೊಳ್ಳಿ. ಹೊಸ ದೇಶದ ಸಂಸ್ಥೆ ಹಳೇ ದೇಶದ ಸಂಸ್ಥೆಯಿಂದ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಕೇಳಬೇಕು, ಅದೂ ಫಿಫಾದ ಆನ್‌ಲೈನ್ ವ್ಯವಸ್ಥೆಯಲ್ಲಿ, ಹೊಸ ದೇಶದ ನೋಂದಣಿ ಅವಧಿಯೊಳಗೆ. ಹಳೇ ಸಂಸ್ಥೆಗೆ ಉತ್ತರಿಸೋಕೆ 72 ಗಂಟೆ. ಇಲ್ಲಿ ಕ್ಯಾಲೆಂಡರ್ ಕಾಡುತ್ತೆ: ಎ-ಲೀಗ್ ಅಕ್ಟೋಬರಿನಿಂದ ಮೇವರೆಗೆ, ಫಿಜಿ ಲೀಗ್ ಆಯಾ ವರ್ಷದೊಳಗೇ ಮುಗಿಯೋದು. ಹುಡುಗ ಊರಲ್ಲಿ ಟೂರ್ನಿ ಮುಗಿಸಿಕೊಂಡು ಬರ್ತೀನಿ ಅಂದರೆ ಅಲ್ಲಿ ಬಾಗಿಲು ಮುಚ್ಚಿರುತ್ತೆ.

ಟಿಕೆಟ್ ಸಿಕ್ತಾ
ಹುಡುಗನನ್ನ ನ್ಯೂಜಿಲೆಂಡಿನ ಚಿಕ್ಕಪ್ಪನ ಮನೆಯಲ್ಲಿ ಬಿಟ್ಟು ಶಾಲೆಗೆ ಸೇರಿಸಿದರೆ? ಶಾಲೆ ತಂಡಕ್ಕೆ ಆಡಿಸಿ, 18ಕ್ಕೆ ಕ್ಲಬ್ಬಿಗೆ ಹಾಕಿದರಾಯ್ತು.

ಕಾಗದಪತ್ರ
@ಟಿಕೆಟ್ ಸಿಕ್ತಾ ಶಾಲೆ ತಂಡಕ್ಕೆ ಆಡೋದು ಬೇರೆ, ಫೆಡರೇಶನ್ನಿಗೆ ಸೇರಿದ ಕ್ಲಬ್ಬಿಗೆ ನೋಂದಣಿ ಬೇರೆ. ಶಾಲೆಗೆ ಅಡ್ಡಿಯಿಲ್ಲ. ಕ್ಲಬ್ಬಿಗೆ ಹಾಕೋಕೆ ಹೋದರೆ ನಿಯಮ ಕೇಳೋದು ತಂದೆ-ತಾಯಿ ಅಲ್ಲಿ ಇದ್ದಾರಾ ಅಂತ. ಚಿಕ್ಕಪ್ಪನಿಗೆ ಪಾಲಕತ್ವ ಬರೆದುಕೊಟ್ಟು ಹಾದಿ ಹುಡುಕೋದನ್ನ ಫಿಫಾ ಅನುಮಾನದಿಂದಲೇ ನೋಡುತ್ತೆ. ಸಿಕ್ಕಿಬಿದ್ದರೆ ದಂಡ ಕ್ಲಬ್ಬಿಗೆ, ಹಾಳಾದ ವರ್ಷಗಳು ಹುಡುಗನಿಗೆ.

ಕರಾವಳಿ ಕ್ರಾಸ್
ಮಾರಾಯ್ರೆ, ಬಿಟ್ಟುಬಂದ ಊರಿನ ಕ್ಲಬ್ಬಿಗೆ ಏನು ಸಿಗ್ತದೆ? ಅದನ್ನೂ ಹೇಳಿ. ಹುಡುಗನಿಗೆ ಚೆಂಡು ಕೊಟ್ಟವರು ಅವರಲ್ವಾ.

ಕಾಗದಪತ್ರ
ಎರಡು ಬಾಬತ್ತು. ಒಂದು ತರಬೇತಿ ಪರಿಹಾರ, ಇನ್ನೊಂದು ಐಕಮತ್ಯ ಪಾಲು.

ತರಬೇತಿ ಪರಿಹಾರಕ್ಕೆ 12ರಿಂದ 21ರವರೆಗಿನ ತರಬೇತಿ ಲೆಕ್ಕ. ಆಟಗಾರ ಮೊದಲ ಸಲ ವೃತ್ತಿಪರನಾಗಿ ನೋಂದಾದಾಗ, ಆಮೇಲೆ 23 ತುಂಬಿದ ವರ್ಷದ ಕೊನೆವರೆಗೆ ಆಗುವ ಅಂತರರಾಷ್ಟ್ರೀಯ ವರ್ಗಾವಣೆಗಳಿಗೆ, ಹೊಸ ಕ್ಲಬ್ಬು ಕೊಡಬೇಕು. ಕ್ಲಬ್ಬುಗಳಿಗೆ ದರ್ಜೆಗಳಿವೆ, ದರ ಹೊಸ ಕ್ಲಬ್ಬಿನ ದರ್ಜೆ ಮೇಲೆ, 12ರಿಂದ 15ರ ವರ್ಷಗಳಿಗೆ ಮಾತ್ರ ಕೆಳಗಿನ ನಾಲ್ಕನೇ ದರ್ಜೆಯದು. ಉದಾಹರಣೆಗೆ ಹುಡುಗ 12ರಿಂದ 20ರವರೆಗೆ ಒಂದೇ ದ್ವೀಪ ಕ್ಲಬ್ಬಲ್ಲಿದ್ದ, 21ರಲ್ಲಿ ಏಷ್ಯಾದ ಮೂರನೇ ದರ್ಜೆ ಕ್ಲಬ್ಬಿಗೆ ಹೋದ ಅನ್ನಿ. 12ರಿಂದ 15ರ ನಾಲ್ಕು ವರ್ಷಕ್ಕೆ ನಾಲ್ಕನೇ ದರ್ಜೆಯ ದರ ತಲಾ 2,000 ಡಾಲರ್, ಅಂದರೆ 8,000. 16ರಿಂದ 20ರ ಐದು ವರ್ಷಕ್ಕೆ ತಲಾ 10,000, ಅಂದರೆ 50,000. ಒಟ್ಟು 58,000 ಡಾಲರ್. ಹೊಸ ಕ್ಲಬ್ಬೇ ನಾಲ್ಕನೇ ದರ್ಜೆಯದಾದರೆ ಸೊನ್ನೆ.

ಐಕಮತ್ಯ ಪಾಲು ವರ್ಗಾವಣೆ ಶುಲ್ಕದ 5%. 12ರಿಂದ 15ರವರೆಗೆ ವರ್ಷಕ್ಕೆ 0.25%, 16ರಿಂದ 23ರವರೆಗೆ ವರ್ಷಕ್ಕೆ 0.5%. ಎರಡು ಲಕ್ಷ ಡಾಲರಿಗೆ ಮಾರಾಟವಾದ ಆಟಗಾರ 16ರಿಂದ 19ರವರೆಗಿನ ನಾಲ್ಕು ವರ್ಷ ನಿಮ್ಮಲ್ಲಿದ್ದರೆ 2%, ಅಂದರೆ 4,000 ಡಾಲರ್. ಒಪ್ಪಂದ ಮುಗಿಸಿ ಬಿಡುಗಡೆ ಪಡೆದು ಹೋದರೆ ಶುಲ್ಕವೇ ಇಲ್ಲ, ಪಾಲೂ ಇಲ್ಲ.

ಈಗ ಕೃಷ್ಣನ ಲೆಕ್ಕ ಹಾಕಿ. ವೆಲಿಂಗ್ಟನ್ ಸೇರಿದಾಗ 26, ಮೊದಲ ಬಾಬತ್ತಿನ ಗಡುವು ಮುಗಿದಿತ್ತು. 2019ರಲ್ಲಿ ವೆಲಿಂಗ್ಟನ್ ಒಪ್ಪಂದ ಮುಗಿಸಿ ಎಟಿಕೆಗೆ ಬಂದ, ಎರಡನೆಯದೂ ಇಲ್ಲ. ಈ ಎರಡೂ ಸಲ ಲಬಾಸಾಗೆ ಈ ನಿಯಮದಡಿ ದುಡ್ಡು ಹುಟ್ಟಲೇ ಇಲ್ಲ.

ಆಫ್‌ಸೈಡ್ ಆಚಾರ್
58,000 ಕೇಳೋಕೆ ಚೆಂದ. ಆದರೆ ಅದೇ ಮೊತ್ತ ಹುಡುಗನ ಕುತ್ತಿಗೆಗೆ ಕಟ್ಟಿದ ಕಲ್ಲೂ ಹೌದು. ಹೆಸರೇ ಕೇಳದ ದ್ವೀಪದ ಆಟಗಾರನಿಗೆ ಅಷ್ಟು ಕೊಡೋ ಕ್ಲಬ್ಬು ಯಾವುದು? "ಪರಿಹಾರ ಬೇಡ ಅಂತ ಊರ ಕ್ಲಬ್ಬಿಂದ ಬರೆಸಿಕೊಂಡು ಬಾ" ಅಂತಾರೆ. ಊರವರು ಹುಡುಗ ಉದ್ಧಾರ ಆಗಲಿ ಅಂತ ಸಹಿ ಹಾಕಿ ಸುಮ್ಮನಾಗ್ತಾರೆ.

ಜಾಣತನ ಅಂದರೆ ಪೂರ್ತಿ ಬಿಟ್ಟುಕೊಡೋ ಬದಲು ಮುಂದಿನ ಮಾರಾಟದಲ್ಲಿ ಶೇಕಡಾ ಇಷ್ಟು ಅಂತ ಬರೆಸಿಕೊಳ್ಳೋದು. ಇವತ್ತು ಹೊಸ ಕ್ಲಬ್ಬಿಗೆ ಖರ್ಚಿಲ್ಲ, ಹುಡುಗ ಬೆಳೆದರೆ ಊರಿಗೆ ಪಾಲು.

ಕಾಗದಪತ್ರ
ಒಪ್ಪಿದೆ. ಬಿಟ್ಟುಕೊಡದಿದ್ದರೂ ದುಡ್ಡು ಬಾರದೆ ಹೋಗೋದು ಇನ್ನೊಂದು ಕಡೆ: ನೋಂದಣಿ ಪುಸ್ತಕ. ನವೆಂಬರ್ 2022ರಿಂದ ಈ ಪಾವತಿಗಳು ಪ್ಯಾರಿಸ್‌ನಲ್ಲಿರೋ ಫಿಫಾ ಕ್ಲಿಯರಿಂಗ್ ಹೌಸ್ ಮೂಲಕ. ಆಟಗಾರ ಯಾವ ವರ್ಷ ಯಾವ ಕ್ಲಬ್ಬಲ್ಲಿದ್ದ ಅನ್ನೋ ವಿದ್ಯುನ್ಮಾನ ಪಾಸ್‌ಪೋರ್ಟ್ ತಯಾರಾಗುತ್ತೆ, ಅದರ ಮೇಲೆ ಹಂಚಿಕೆ. ಕಾರ್ಯದರ್ಶಿಯ ಮನೆ ಬೀರುವಿನ ಲಾಂಗ್‌ಬುಕ್ಕಿನಲ್ಲಿ ಹೆಸರಿದ್ದು, ಸಂಸ್ಥೆಯ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಆ ವರ್ಷಗಳು ಖಾಲಿ. ಆಮೇಲೆ ಸರಿಪಡಿಸೋಕೆ ಕಾಲಾವಕಾಶ ಕೊಡ್ತಾರೆ, ಆದರೆ ಪುರಾವೆ ಸಂಸ್ಥೆಯೇ ಒದಗಿಸಬೇಕು.

ಈಸ್ಟ್ ಅಪ್ಪರ್
ಹುಡುಗ 21ಕ್ಕೆ ಸಿದ್ಧ, ಕಾಗದ ಸರಿ. ಆಮೇಲೂ ಐಎಸ್‌ಎಲ್‌ನಂಥ ಲೀಗಿಗೆ ದ್ವೀಪದವರು ಯಾಕೆ ಬರಲ್ಲ? ಕೃಷ್ಣ ಬಿಟ್ಟರೆ ಬೇರೆ ಹೆಸರು ಬಾಯಿಗೆ ಬರ್ತಿಲ್ಲ.

ಎಡಗಾಲು
ಜಾಗದ ಲೆಕ್ಕ ಗುರು. ಆಸ್ಟ್ರೇಲಿಯಾ 2006ರಲ್ಲಿ ಓಷಿಯಾನಿಯಾ ಬಿಟ್ಟು ಏಷ್ಯಾ ಒಕ್ಕೂಟ ಸೇರಿತು. ಫಿಜಿ ಓಷಿಯಾನಿಯಾದಲ್ಲೇ ಉಳಿಯಿತು. ಐಎಸ್‌ಎಲ್ 2021-22ರಲ್ಲಿ ಮೈದಾನದಲ್ಲಿ ವಿದೇಶಿಯರನ್ನ ಐದರಿಂದ ನಾಲ್ಕಕ್ಕೆ ಇಳಿಸಿ, ತಂಡದ ಆರು ವಿದೇಶಿಯರಲ್ಲಿ ಒಬ್ಬ ಏಷ್ಯಾ ಒಕ್ಕೂಟದವನಿರಬೇಕು ಅಂದಿತು. ಆ ಜಾಗ ಆಸ್ಟ್ರೇಲಿಯಾದವನಿಗೆ ಸಿಗುತ್ತಿತ್ತು, ಫಿಜಿಯವನಿಗೆ ಸಿಗುತ್ತಿರಲಿಲ್ಲ. ನಮ್ಮ ತಂಡದಲ್ಲಿ ಅದು ಆಸ್ಟ್ರೇಲಿಯಾದ ಅಲೆಕ್ಸಾಂಡರ್ ಜೊವಾನೊವಿಚ್. ಕೃಷ್ಣ ಸ್ಪರ್ಧಿಸಬೇಕಾಗಿದ್ದು ಉಳಿದ ಜಾಗಕ್ಕೆ, ಅಂದರೆ ಸ್ಪೇನ್, ಬ್ರೆಜಿಲಿನವರ ಜೊತೆ. ಎ-ಲೀಗಲ್ಲೂ ಇದೇ: ಕ್ಲಬ್ಬಿಗೆ ಐದು ವೀಸಾ ಜಾಗ, ವೆಲಿಂಗ್ಟನ್ನಿಗೆ ನ್ಯೂಜಿಲೆಂಡಿನವರು ಸ್ಥಳೀಯರು, ಫಿಜಿಯವನು ವಿದೇಶಿ.

ಹಾಗಾಗಿ ದ್ವೀಪದ ಆಟಗಾರ 'ಚೆನ್ನಾಗಿ ಆಡ್ತಾನೆ' ಅನ್ನೋ ಮಟ್ಟದಲ್ಲಿದ್ದರೆ ಸಾಲಲ್ಲ. ಗೋಲು ತೋರಿಸಬೇಕು. ಕೃಷ್ಣ 2018-19ರಲ್ಲಿ ಎ-ಲೀಗಲ್ಲಿ 18 ಗೋಲು ಹೊಡೆದು ಗೋಲ್ಡನ್ ಬೂಟ್ (ಅತಿ ಹೆಚ್ಚು ಗೋಲಿಗೆ), ಜಾನಿ ವಾರೆನ್ ಪದಕ (ಲೀಗಿನ ಶ್ರೇಷ್ಠ ಆಟಗಾರನಿಗೆ) ಎರಡೂ ತಗೊಂಡ ಮೇಲೆ ಎಟಿಕೆಗೆ ಬಂದಿದ್ದು. ಮೊದಲ ಐಎಸ್‌ಎಲ್‌ನಲ್ಲಿ 15 ಗೋಲು ಮತ್ತು ಟ್ರೋಫಿ, ಎರಡನೆಯದರಲ್ಲಿ 14 ಮತ್ತು ಗೋಲ್ಡನ್ ಬಾಲ್.

ಕರಾವಳಿ ಕ್ರಾಸ್
2021ರ ಎಎಫ್‌ಸಿ ಕಪ್ಪಿನಲ್ಲಿ ಮಾಲ್ಡೀವ್ಸಿನ ಮಾಲೆಯಲ್ಲಿ ನಮಗೇ ಹೊಡೆದಿದ್ದ ಅಲ್ವಾ, 2-0. ಒಂದು ದ್ವೀಪದವನು ಇನ್ನೊಂದು ದ್ವೀಪಕ್ಕೆ ಬಂದು ಬೆಂಗಳೂರಿಗೆ ಹೊಡೆದದ್ದು.

ಒಂದು ಸಂಶಯ. ಭಾರತೀಯ ಮೂಲದವನಾದ ಕಾರಣ ಭಾರತಕ್ಕೆ ಆಡಬಹುದಿತ್ತಾ?

ಕಾಗದಪತ್ರ
ಇಲ್ಲ. ಭಾರತ ಸರ್ಕಾರದ 2008ರ ನೀತಿ ಪ್ರಕಾರ ಭಾರತೀಯ ಪಾಸ್‌ಪೋರ್ಟ್ ಇದ್ದವರಷ್ಟೇ ದೇಶಕ್ಕೆ ಆಡಬಹುದು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ನಡೆಯಲ್ಲ. ಬಿಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾ ಪೌರತ್ವ ಬಿಟ್ಟುಕೊಟ್ಟೇ ಭಾರತ ತಂಡದ ಶಿಬಿರಕ್ಕೆ ಬಂದದ್ದು. ಕೃಷ್ಣ ಅಷ್ಟರಲ್ಲಿ ಫಿಜಿ ಪರ ಹತ್ತಾರು ಅಧಿಕೃತ ಪಂದ್ಯ ಆಡಿಯಾಗಿತ್ತು, ಅವರ ಸಾರ್ವಕಾಲಿಕ ಗರಿಷ್ಠ ಗೋಲುಗಾರ. ಅಲ್ಲಿಂದ ದೇಶ ಬದಲಿಸೋ ಮಾತೇ ಇಲ್ಲ.

ರಾಷ್ಟ್ರೀಯತೆ ನಿಯಮ ಎಷ್ಟು ಹರಿತ ಅನ್ನೋದಕ್ಕೆ ಫಿಜಿಯದೇ ಉದಾಹರಣೆ ಇದೆ. 2015ರ ಪೆಸಿಫಿಕ್ ಕ್ರೀಡಾಕೂಟವೇ ರಿಯೊ ಒಲಿಂಪಿಕ್ಸಿನ ಅರ್ಹತಾ ಟೂರ್ನಿ ಆಗಿತ್ತು. ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ವನುವಾಟುವನ್ನ ಸೋಲಿಸಿತು. ಆದರೆ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಡೆಕ್ಲಾನ್ ವಿನ್ ಎಂಬ ಆಟಗಾರನ ಅರ್ಹತೆ ಬಗ್ಗೆ ವನುವಾಟು ತಕರಾರು ತೆಗೆಯಿತು. ಆಗಿನ ನಿಯಮ: ಹೊಸ ಪೌರತ್ವದ ಮೇಲೆ ಆಡಬೇಕಾದರೆ 18 ತುಂಬಿದ ಮೇಲೆ ಆ ನೆಲದಲ್ಲಿ ಸತತ 5 ವರ್ಷ ವಾಸ. ಹುಡುಗನಿಗೆ ಆಗಿದ್ದೇ 20. ನ್ಯೂಜಿಲೆಂಡ್ ಔಟ್. ಫೈನಲ್‌ನಲ್ಲಿ ಫಿಜಿ ವನುವಾಟುವನ್ನ ಪೆನಾಲ್ಟಿಯಲ್ಲಿ ಸೋಲಿಸಿ ಮೊದಲ ಸಲ ಒಲಿಂಪಿಕ್ಸ್ ಫುಟ್‌ಬಾಲಿಗೆ ಹೋಯಿತು.

ಗಿರ್ಮಿಟ್ ಮಿರ್ಚಿ
ರಿಯೊದಾಗ ಫಿಜಿಗೆ ದಕ್ಷಿಣ ಕೊರಿಯಾ 8-0, ಜರ್ಮನಿ 10-0 ಹೊಡದ್ರು. ನಡುವ ಮೆಕ್ಸಿಕೊ 5-1. ಆ ಒಂದು ಗೋಲು ಯಾರದಂತ ಕೇಳಬ್ಯಾಡ್ರಿ. 23 ದಾಟಿದವರಿಗೆ ಇರೂ ಮೂರು ಜಾಗದಾಗ ಒಂದರಾಗ ಹೋಗಿದ್ದ ನಾಯಕ ಕೃಷ್ಣ, 10ನೇ ನಿಮಿಷಕ್ಕ ಹೊಡದ. ಮಧ್ಯಂತರದ ತನಕ ಫಿಜಿ 1-0 ಮುಂದಿತ್ತು! 18 ಗೋಲಿನ ವರ್ಷ ಬಂದದ್ದು ಅದರ ಎರಡು ವರ್ಷ ಆದಮ್ಯಾಲೆ.

ಎಡಗಾಲು
ಅವನ ಆಟದ ಬಗ್ಗೆ ಒಂದು ಮಾತು, ಹುಡುಗರು ನೋಡಿ ಕಲಿಯೋದಿದೆ. ಎತ್ತರ 1.70 ಮೀಟರ್ ಆಸುಪಾಸು. ಸೆಂಟರ್‌ಬ್ಯಾಕ್ ಜೊತೆ ಭುಜಕ್ಕೆ ಭುಜ ಕೊಟ್ಟು ನಿಂತರೆ ಸೋಲು. ಅದಕ್ಕೆ ಅವನು ನಿಲ್ಲೋದೇ ಇಲ್ಲ. ಎದುರಾಳಿ ಸೆಂಟರ್‌ಬ್ಯಾಕ್ ಮತ್ತು ಫುಲ್‌ಬ್ಯಾಕ್ ನಡುವಿನ ಸಂದಿಯಲ್ಲಿ, ಸೆಂಟರ್‌ಬ್ಯಾಕಿನ ಬೆನ್ನ ಹಿಂದೆ ಇರ್ತಾನೆ. ಮಿಡ್‌ಫೀಲ್ಡರ್ ತಲೆ ಎತ್ತೋ ಕ್ಷಣಕ್ಕೆ ಮೊದಲು ಚೆಂಡಿನ ಕಡೆಗೆ ಎರಡು ಹೆಜ್ಜೆ, ಡಿಫೆಂಡರ್ ಜೊತೆಗೆ ಬಂದ ತಕ್ಷಣ ತಿರುಗಿ ಹಿಂದಕ್ಕೆ ಓಟ. ಆ ಎರಡು ಸುಳ್ಳು ಹೆಜ್ಜೆಯೇ ಬಂಡವಾಳ. ಕೋಚ್ ಹಬಾಸ್ ಕೈಕೆಳಗೆ ಎಟಿಕೆ 3-5-2ರಲ್ಲಿ ಹಿಂದೆ ಕೂತು ಪ್ರತಿದಾಳಿ ಆಡುತ್ತಿತ್ತು, ಮುಂದೆ ಖಾಲಿ ಜಾಗ ಧಾರಾಳ, ಅದಕ್ಕೆ ಗೋಲೂ ಧಾರಾಳ. ಬೆಂಗಳೂರಲ್ಲಿ ಅಷ್ಟು ಜಾಗ ಸಿಗಲಿಲ್ಲ, ಲೆಕ್ಕವೂ ಇಳಿಯಿತು. ವಯಸ್ಸನ್ನಷ್ಟೇ ದೂರೋದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

ಟಿಕೆಟ್ ಸಿಕ್ತಾ
ಈಗ ಓಷಿಯಾನಿಯಾಗೂ ವೃತ್ತಿಪರ ಲೀಗ್ ಬಂದಿದೆಯಲ್ಲ? ವಿಶ್ವಕಪ್ ಸೀಟೂ ಇದೆ.

ಆಫ್‌ಸೈಡ್ ಆಚಾರ್
ಹೌದು, ಎಂಟು ತಂಡದ ಒಎಫ್‌ಸಿ (ಓಷಿಯಾನಿಯಾ ಒಕ್ಕೂಟ) ಪ್ರೊಫೆಷನಲ್ ಲೀಗ್ 2026ರಲ್ಲಿ ಶುರು, ಫಿಜಿಯಿಂದ ಬುಲಾ ಎಫ್‌ಸಿ. 18ರ ಹುಡುಗನಿಗೆ ಇದೇ ದೊಡ್ಡ ವ್ಯತ್ಯಾಸ: ಸಂಬಳ, ಪೂರ್ತಿ ಪಂದ್ಯದ ವಿಡಿಯೊ, ಬೇರೆ ದೇಶದ ಎದುರಾಳಿ, ಮೂರೂ ಊರು ಬಿಡದೆ ಸಿಗುತ್ತೆ. ಕೃಷ್ಣ ಈ ಮೂರಕ್ಕಾಗಿ ಐದು ವರ್ಷ ಕಾದ.

ವಿಶ್ವಕಪ್ ಸೀಟಿನ ವಿಷಯಕ್ಕೆ ಹಿಗ್ಗಬೇಡಿ. 2026ಕ್ಕೆ ಮೊದಲ ಸಲ ನೇರ ಸೀಟು ಸಿಕ್ಕಿತು, ಮಾರ್ಚ್ 2025ರಲ್ಲಿ ನ್ಯೂಜಿಲೆಂಡ್ ಸೆಮಿಯಲ್ಲಿ ಫಿಜಿಗೆ 7-0, ಫೈನಲ್‌ನಲ್ಲಿ ನ್ಯೂ ಕ್ಯಾಲೆಡೋನಿಯಾಗೆ 3-0 ಹೊಡೆದು ತಗೊಂಡಿತು. ಕೇಪ್ ವರ್ಡ್ ಅದೇ ಸಲ ವಿಶ್ವಕಪ್ಪಿಗೆ ಹೋದದ್ದನ್ನ ಇದಕ್ಕೆ ಹೋಲಿಸೋದು ತಪ್ಪು. ಅವರ ಆಟಗಾರರಲ್ಲಿ ಬಹಳ ಜನ ನೆದರ್ಲೆಂಡ್ಸ್, ಪೋರ್ಚುಗಲ್, ಫ್ರಾನ್ಸಿನಲ್ಲಿ ಹುಟ್ಟಿ ಅಲ್ಲಿನ ಅಕಾಡೆಮಿಗಳಲ್ಲಿ ಬೆಳೆದವರು. ಡಬ್ಲಿನ್‌ನಲ್ಲಿ ಹುಟ್ಟಿದ ಪಿಕೊ ಲೋಪೆಸ್‌ನನ್ನ ಲಿಂಕ್ಡ್‌ಇನ್ ಸಂದೇಶದಲ್ಲಿ ಕರೆದರು, ಅವನು ಪೋರ್ಚುಗೀಸ್ ಓದಲಾಗದೆ ತಿಂಗಳುಗಟ್ಟಲೆ ಉತ್ತರಿಸಲಿಲ್ಲ! ಫಿಜಿಗೆ ಅಂಥ ಯುರೋಪಿನ ಬಾಗಿಲಿಲ್ಲ.

ಈಸ್ಟ್ ಅಪ್ಪರ್
ಹಾಗಾದರೆ ಆ 17ರ ಹುಡುಗ ಈ ವರ್ಷ ಮಾಡಬೇಕಾದ್ದು ಏನು? ಸುತ್ತು ಬಳಸಬೇಡಿ.

ಕಾಗದಪತ್ರ
ವಿಡಿಯೊ ಮೊದಲು. ಮೈದಾನದ ಮಧ್ಯರೇಖೆಯ ನೇರಕ್ಕೆ, ಆದಷ್ಟು ಎತ್ತರದಿಂದ, ಅಗಲವಾಗಿ ಚಿತ್ರೀಕರಿಸಿ. ಚೆಂಡಿನ ಹಿಂದೆ ಜೂಮ್ ಮಾಡಿಕೊಂಡು ಓಡಿದರೆ ಮೇಲೆ ಹೇಳಿದ ಆ ಎರಡು ಸುಳ್ಳು ಹೆಜ್ಜೆ ಯಾರಿಗೂ ಕಾಣಲ್ಲ. ನಾಲ್ಕೈದು ನಿಮಿಷದ ತುಣುಕುಗಳು, ಜೊತೆಗೆ ಕತ್ತರಿಸದ ಎರಡು ಪೂರ್ತಿ ಪಂದ್ಯ, ಅದರಲ್ಲಿ ಒಂದು ಸೋತದ್ದು ಇರಲಿ. ಹಾಡು ಹಾಕಬೇಡಿ, ಸ್ಕೌಟ್ ಮೊದಲು ಮಾಡೋದೇ ಧ್ವನಿ ಆಫ್.

ಟ್ರಯಲ್ಸ್ ಕೊಡಿಸ್ತೀನಿ ಅಂತ ದುಡ್ಡು ಕೇಳಿದವನ ಫೋನ್ ಅಲ್ಲೇ ಇಡಿ. ಏಜೆಂಟಿಗೆ ಫಿಫಾ ಪರವಾನಗಿ ಇರಬೇಕು, ಹೆಸರು ಫಿಫಾ ತಾಣದಲ್ಲಿ ಹುಡುಕಿದರೆ ಸಿಗಬೇಕು. ಆಟಗಾರನ ಜೊತೆಗಿನ ಕರಾರು ಎರಡು ವರ್ಷಕ್ಕಿಂತ ಹೆಚ್ಚಿಲ್ಲ, ಅಪ್ರಾಪ್ತನಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಕ್ಲಬ್ಬಿನ ಜೊತೆಗಿನ ಒಪ್ಪಂದ 18ರೊಳಗೆ ಮೂರು ವರ್ಷಕ್ಕಿಂತ ಉದ್ದ ಇರುವಂತಿಲ್ಲ. ಐದು ವರ್ಷದ್ದು ಮುಂದಿಟ್ಟರೆ ಸಹಿ ಬೇಡ.

ಇನ್ನು ಹೆಸರು. ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಫುಟ್‌ಬಾಲ್ ಸಂಸ್ಥೆಯ ನೋಂದಣಿ, ಮೂರರಲ್ಲೂ ಅಕ್ಷರ ಅಕ್ಷರ ಒಂದೇ ಇರಬೇಕು. ಭಾರತೀಯ ಮೂಲದವರಲ್ಲಿ ಅಪ್ಪನ ಹೆಸರು ಒಂದು ಕಡೆ ಮನೆತನದ ಹೆಸರಾಗಿ, ಇನ್ನೊಂದು ಕಡೆ ನಡುವಿನ ಹೆಸರಾಗಿ ಕೂತಿರುತ್ತೆ. ವರ್ಗಾವಣೆ ವಾರದಲ್ಲಿ ಅದು ಗೊತ್ತಾದರೆ ಆ 72 ಗಂಟೆ ಸಾಲಲ್ಲ. ಈಗಲೇ ಸಂಸ್ಥೆಗೆ ಹೋಗಿ ತನ್ನ ಫಿಫಾ ಗುರುತು ಸಂಖ್ಯೆ ಕೇಳಿ, ಅದರ ಮುಂದೆ ಯಾವ ಹೆಸರು, ಯಾವ ಹುಟ್ಟಿದ ದಿನ ಇದೆ ಅಂತ ಕಣ್ಣಾರೆ ನೋಡಿಕೊಂಡು ಬರಲಿ.

ಗಿರ್ಮಿಟ್ ಮಿರ್ಚಿ
ಲಾಂಗ್‌ಬುಕ್ಕಿನ ಹಾಳಿ ಫೋಟೋನೂ ಹೊಡಕೊಂಡು ಬರಲಿ, 12ರ ವಯಸ್ಸಿನಿಂದ.